ಕೈಗೆ ಬರುವ ವಿದ್ಯೆ

ಶಿಡ್ಲಘಟ್ಟದ ರೇಷ್ಮೆ ಬಿಚ್ಚಾಣಿಕೆ ಮನೆಗಳಲ್ಲಿ ಬಿಸಿನೀರಿನಲ್ಲಿ ತೇಲುವ ಗೂಡಿನಿಂದ ಎಳೆಯ ತುದಿ ಹಿಡಿಯುವುದನ್ನು ಯಾರೂ ಪುಸ್ತಕ ನೋಡಿ ಕಲಿತವರಲ್ಲ. ರೇಷ್ಮೆ ದಾರದಲ್ಲಿ ಗಂಟು ಹಾಕುವುದು ವೈದ್ಯ ವಿದ್ಯಾರ್ಥಿಗೂ ಮೊದಲ ಪಾಠಗಳಲ್ಲೊಂದು. ಗಂಟು ಜಾರಿದರೆ ರಕ್ತ ನಿಲ್ಲದು. ಈಗ ಚಿಕ್ಕಬಳ್ಳಾಪುರದಲ್ಲೇ ಸರಕಾರಿ ವೈದ್ಯಕೀಯ ಕಾಲೇಜಿದೆ. ಗೌರಿಬಿದನೂರು, ಚಿಂತಾಮಣಿಯ ಮಕ್ಕಳಿಗೂ ಅದು ದೂರವಲ್ಲ. ಈ ಕೈವಿದ್ಯೆಯನ್ನು ಹಿಂದಿನವರು ಹೇಗೆ ಕಲಿಸುತ್ತಿದ್ದರು?

ಸುಶ್ರುತ ಸಂಹಿತೆಯಲ್ಲಿ ಇದಕ್ಕೆಂದೇ ಒಂದು ಅಧ್ಯಾಯವಿದೆ. ಕೊಯ್ಯುವುದನ್ನು ಕುಂಬಳ, ಸೋರೆ, ಸೌತೆಯ ಮೇಲೆ, ಹೊಲಿಗೆಯನ್ನು ಬಟ್ಟೆ ಮತ್ತು ಮೆದು ಚರ್ಮದ ಮೇಲೆ, ಪಟ್ಟಿ ಕಟ್ಟುವುದನ್ನು ಬೊಂಬೆಯ ಮೇಲೆ ಕಲಿಯಬೇಕು. ಎಷ್ಟೇ ಓದಿದ್ದರೂ ಕೈ ಪಳಗದವನು ಚಿಕಿತ್ಸೆಗೆ ಯೋಗ್ಯನಲ್ಲ. ಬರ್ಮಕೀ ವಂಶದ ಯಹ್ಯಾನ ಆಜ್ಞೆಯಂತೆ ಮಂಕ ಎಂಬ ಭಾರತೀಯ ವೈದ್ಯ ಈ ಗ್ರಂಥವನ್ನು ಬಗ್ದಾದಿನಲ್ಲಿ ವಿವರಿಸಿದನೆಂದು ಇಬ್ನುನ್ನದೀಮ್ ದಾಖಲಿಸಿದ್ದಾರೆ. ಮುಂದೆ ಸ್ಪೇನಿನ ಕೊರ್ದೋವಾದಲ್ಲಿ ಅಝ್ಝಹ್ರಾವಿ (936–1013) ತಮ್ಮ 'ಅತ್ತಸ್ರೀಫ್'ನ ಕೊನೆಯ ಭಾಗದಲ್ಲಿ ಸುಮಾರು 200 ಉಪಕರಣಗಳ ಚಿತ್ರ ಕೊಟ್ಟರು. ಅಂಗರಚನೆ ತಿಳಿಯದೆ ಕತ್ತಿ ಹಿಡಿಯುವವನು ರೋಗಿಯನ್ನು ಕೊಂದಾನೆಂದು ಎಚ್ಚರಿಸಿದರು.

ನಮ್ಮ ನೆಲಕ್ಕೆ ಇನ್ನೂ ಹತ್ತಿರದ ಕಥೆಯೊಂದಿದೆ. 1791ರ ಅಕ್ಟೋಬರ್‌ನಲ್ಲಿ ಇಂಗ್ಲಿಷರು ನಂದಿದುರ್ಗ ಹಿಡಿದ ಮೂರನೆಯ ಮೈಸೂರು ಯುದ್ಧವದು. ಅವರ ಸೈನ್ಯದ ಎತ್ತು ಹೊಡೆಯುವ ಕಾವಸ್‌ಜಿ 1792ರಲ್ಲಿ ಟಿಪ್ಪುವಿನವರ ಕೈಗೆ ಸಿಕ್ಕ. ಅವನ ಮೂಗನ್ನೂ ಒಂದು ಕೈಯನ್ನೂ ಕತ್ತರಿಸಲಾಯಿತು. ಟಿಪ್ಪುವನ್ನು ಮೆಚ್ಚುವ ನಮಗೆ ಇದು ಹಿತವಾದ ಮಾತಲ್ಲ, ಆದರೆ ಇದನ್ನು ಬಿಟ್ಟು ಚರಿತ್ರೆ ಹೇಳಲಾಗದು. ಪುಣೆಯ ಬಳಿ ಇಟ್ಟಿಗೆ ಮಾಡುವ ಜಾತಿಯವನೊಬ್ಬ ಅವನ ಮೂಗಿನ ಜಾಗಕ್ಕೆ ತೆಳು ಮೇಣವನ್ನು ಒತ್ತಿ ಅಳತೆ ತೆಗೆದ. ಆ ಮೇಣವನ್ನು ಚಪ್ಪಟೆ ಮಾಡಿ ಹಣೆಯ ಮೇಲಿಟ್ಟು ಗೆರೆ ಎಳೆದ. ಅಷ್ಟು ಚರ್ಮವನ್ನು ಬಿಡಿಸಿ, ಹುಬ್ಬುಗಳ ನಡುವೆ ಮಾತ್ರ ಅಂಟಿಕೊಂಡಿರುವಂತೆ ಬಿಟ್ಟು, ಕೆಳಗೆ ತಿರುಗಿಸಿ ಮೂಗು ಮಾಡಿದ. ಆ ಅಂಟಿನಿಂದಲೇ ಹೊಸ ಮೂಗಿಗೆ ರಕ್ತ ಬರುತ್ತಿತ್ತು.

1794ರ ಅಕ್ಟೋಬರ್‌ನಲ್ಲಿ ಲಂಡನ್ನಿನ 'ಜಂಟಲ್‌ಮನ್ಸ್ ಮ್ಯಾಗಜೀನ್' ಇದನ್ನು ಪ್ರಕಟಿಸಿತು. ಜೋಸೆಫ್ ಕಾರ್ಪ್ಯೂ ಹೆಣಗಳ ಮೇಲೆ ಅಭ್ಯಾಸ ಮಾಡಿ, 1814ರಲ್ಲಿ ರೋಗಿಯೊಬ್ಬನಿಗೆ ಇದೇ ಚಿಕಿತ್ಸೆ ಮಾಡಿ, 1816ರಲ್ಲಿ ಪುಸ್ತಕ ಬರೆದ. ಇಟ್ಟಿಗೆಯವನ ಹೆಸರನ್ನು ಪತ್ರಿಕೆ ಬರೆಯಲಿಲ್ಲ.

ಕುರು ಕೊಯ್ದು, ಖತ್ನಾ ಮಾಡುತ್ತಿದ್ದ ನಮ್ಮ ಹಜಾಮರ ಪಾಡೂ ಅದೇ. ಅಪ್ಪನ ಕೈ ನೋಡಿ ಮಗ ಕಲಿತ. ಶುಚಿಯಿಲ್ಲದ ಕತ್ತಿಯಿಂದ ಗಾಯ ಕೀತದ್ದೂ ಉಂಟು, ಅದನ್ನು ಹೊಗಳಬೇಕಾಗಿಲ್ಲ. ಆದರೆ ಕೈಯಿಂದ ಕಲಿತದ್ದು ವಿದ್ಯೆಯೇ ಅಲ್ಲ ಎಂದವರು ಓದಿದ ನಾವೇ. 2019ರಿಂದ ಎಂಬಿಬಿಎಸ್ ಪಠ್ಯಕ್ರಮದಲ್ಲಿ ಕೌಶಲ ಪ್ರಯೋಗಾಲಯ ಬಂದಿದೆ. ಸುಶ್ರುತನ ಸೋರೆಕಾಯಿಯ ಜಾಗದಲ್ಲಿ ಅಲ್ಲಿ ಸಿಲಿಕಾನ್ ಚರ್ಮವಿದೆ. ಅಲ್ಲಿಗೆ ಸೀಟು ಸಿಗುವುದು ಮಾತ್ರ ಬಹು ಆಯ್ಕೆಯ ಪ್ರಶ್ನೆಗಳಿಂದ. ಬಿಚ್ಚಾಣಿಕೆ ಮನೆಯ ಹುಡುಗಿಯ ಬೆರಳಿಗೆ ಆ ಪರೀಕ್ಷೆಯಲ್ಲಿ ಒಂದು ಅಂಕವೂ ಇಲ್ಲ.