ಉಕ್ಕೂ ನ್ಯಾನೋ ತಂತ್ರವಿದ್ಯೆಯೂ

ಗಂಗಾವತಿಯ ಸಮೀಪದ ಹಿರೇಬೆಣಕಲ್ಲಿನ ಬೃಹತ್ ಶಿಲಾಸಮಾಧಿಗಳು ಕೊಪ್ಪಳ ಸೀಮೆಯ ಕಬ್ಬಿಣಯುಗದ ಕುರುಹುಗಳಾಗಿವೆ. ದಕ್ಷಿಣಾಪಥದಲ್ಲಿ ಮುಂದೆ ಬೆಳೆದ ಲೋಹವಿದ್ಯೆಯ ಪರಿಪಕ್ವ ಫಲವೇ ಉಕ್ಕು. ಕಮ್ಮಾರನು ಕಬ್ಬಿಣವನ್ನೂ ಕಟ್ಟಿಗೆಯ ಚೂರುಗಳನ್ನೂ ಮೂಸೆಯಲ್ಲಿ ಮುಚ್ಚಿ ಕಾಯಿಸಲು, ಇಂಗಾಲವು ಲೋಹದೊಡನೆ ಬೆರೆಯುತ್ತಿತ್ತು. ಪಾಶ್ಚಾತ್ಯರ 'ವೂಟ್ಸ್' ಶಬ್ದವು ಕನ್ನಡದ 'ಉಕ್ಕು' ಎಂಬುದರ ವಿಕಾರವೆಂದು ಅನೇಕ ವಿದ್ವಾಂಸರ ಮತ. ದಮಾಸ್ಕಸ್ ಖಡ್ಗಗಳಿಗೆ ಇದೇ ಮೂಲದ್ರವ್ಯವೆಂಬುದು ಪ್ರಸಿದ್ಧ. ಅಂತಹ 17ನೆಯ ಶತಮಾನದ ಖಡ್ಗವೊಂದರಲ್ಲಿ ಇಂಗಾಲದ ನ್ಯಾನೋನಾಳಗಳನ್ನು ಕಂಡುದಾಗಿ ಜರ್ಮನಿಯ ಪೀಟರ್ ಪೌಫ್ಲರರೂ ಅವರ ಸಹೋದ್ಯೋಗಿಗಳೂ 2006ರಲ್ಲಿ ಪ್ರಕಟಿಸಿದರು. ನ್ಯಾನೋಮೀಟರೆಂದರೆ ಮೀಟರಿನ ಶತಕೋಟ್ಯಂಶವಷ್ಟೆ. ಈ ವಿದ್ಯೆಗೆ ಹೆಸರಿಟ್ಟವರು ಜಪಾನಿನ ನೊರಿಯೊ ತನಿಗುಚಿ, ಅದು 1974ರಲ್ಲಿ. ಇಷ್ಟರಿಂದ ಪೂರ್ವಿಕರು ನ್ಯಾನೋಶಾಸ್ತ್ರವನ್ನು ಬಲ್ಲವರಾಗಿದ್ದರೆಂದು ಸಾಧಿಸಹೊರಡುವುದು ಅತಿವ್ಯಾಪ್ತಿ. ಕೈ ಸಾಧಿಸಿದುದನ್ನು ಕಣ್ಣು ಕಂಡಿರಲಿಲ್ಲ. ಕೌಶಲವು ಅವರದು, ಶಾಸ್ತ್ರವು ಈಚಿನದು. ಇವೆರಡನ್ನೂ ಬೇರ್ಪಡಿಸಿ ಗೌರವಿಸುವುದೇ ಇತಿಹಾಸಧರ್ಮ.