ಕೋಡ್ ಎಡಿಟರಿನೊಳಗೆ ತಂಡದ ಕೆಲಸ

ಕೋಡ್ ರಿವ್ಯೂ, ಬಗ್ ಟಿಕೆಟ್, ಜೊತೆಯಾಗಿ ತಿದ್ದುವುದು ಮುಂತಾದ ತಂಡದ ಕೆಲಸಗಳು ಪ್ರೋಗ್ರಾಮರ್ ತನ್ನ ಕಂಪ್ಯೂಟರಿನಲ್ಲಿ ಕೋಡ್ ಬರೆಯುವ ಎಡಿಟರಿಗೇ ಬಂದು ಸೇರಿವೆ. ಬೆಂಗಳೂರು–ಹೊಸೂರು ಹೆದ್ದಾರಿಯ ಐಟಿ ನೌಕರರಿಗೆ ಈಗ ಇದು ದಿನಬಳಕೆಯ ಸಂಗತಿ.

ಐಬಿಎಂ 2001ರಲ್ಲಿ ಮುಕ್ತ ತಂತ್ರಾಂಶವಾಗಿ ಬಿಟ್ಟ ಎಕ್ಲಿಪ್ಸ್ ಎಂಬ ಎಡಿಟರಿನಲ್ಲಿ, ಕಡತಗಳ ಆವೃತ್ತಿಗಳನ್ನು ದಾಖಲಿಸುವ ಸಿವಿಎಸ್ ಸೌಲಭ್ಯ ಸೇರಿಯೇ ಬಂದಿತ್ತು. ಅದು ಕಡತಗಳ ಲೆಕ್ಕ ಇಡುತ್ತಿತ್ತೇ ಹೊರತು ಕಡತಗಳ ಬಗ್ಗೆ ನಡೆದ ಮಾತುಕತೆಯನ್ನಲ್ಲ. ಮಾತುಕತೆಯನ್ನು ಒಳಗೆ ತಂದವರಲ್ಲಿ ಕೆನಡಾದ ಮಿಕ್ ಕರ್ಸ್ಟನ್ ಮುಖ್ಯರು. ಅವರ ಮೈಲಾರ್ (ನಂತರ ಮೈಲಿನ್) ಎಂಬ ಎಕ್ಸ್‌ಟೆನ್ಶನ್ (ಎಡಿಟರಿಗೆ ಸೇರಿಸುವ ಕಿರು ತಂತ್ರಾಂಶ) 2005ರ ಸುಮಾರಿಗೆ ಬಗ್‌ಗಳ ಲೆಕ್ಕ ಇಡುವ ಬಗ್‌ಜಿಲಾದ ಟಿಕೆಟ್‌ಗಳನ್ನು ಎಕ್ಲಿಪ್ಸ್‌ನಲ್ಲೇ ತೋರಿಸಿತು. ಒಂದು ಟಿಕೆಟ್ ಆರಿಸಿಕೊಂಡರೆ ಅದಕ್ಕೆ ಸಂಬಂಧಿಸಿದ ಕಡತಗಳಷ್ಟೇ ಕಣ್ಣಮುಂದೆ ಉಳಿಯುತ್ತಿದ್ದವು. ಇಂದಿನ ಎಷ್ಟೋ ಎಕ್ಸ್‌ಟೆನ್ಶನ್‌ಗಳಿಗೂ ಈ ಜಾಣತನವಿಲ್ಲ.

ಮೈಕ್ರೋಸಾಫ್ಟ್‌ನ ಎಡಿಟರ್ ವಿಎಸ್ ಕೋಡ್ 2015ರಲ್ಲಿ, ಕೋಡಿನ ಆವೃತ್ತಿಗಳ ಲೆಕ್ಕ ಇಡುವ ಗಿಟ್ ಸಮೇತ ಬಂತು. ಕೋಡ್ ಹಂಚುವ ತಾಣ ಗಿಟ್‌ಹಬ್‌ನ 2018ರ ಎಕ್ಸ್‌ಟೆನ್ಶನ್‌ನಿಂದ ಪುಲ್ ರಿಕ್ವೆಸ್ಟ್ (ಮಾಡಿದ ಬದಲಾವಣೆಯನ್ನು ಸೇರಿಸಿಕೊಳ್ಳುವಂತೆ ಕೇಳುವ ಕೋರಿಕೆ) ಎಡಿಟರಿಗೆ ಇಳಿಯಿತು. ರಿವ್ಯೂ ಮಾಡುವವರ ಆಕ್ಷೇಪ ಆಯಾ ಸಾಲಿನ ಕೆಳಗೇ ಕಾಣುತ್ತದೆ, ಅಲ್ಲೇ ಉತ್ತರಿಸಬಹುದು. ರಿವ್ಯೂ ಮಾಡುವವರೂ ಆ ಬ್ರಾಂಚನ್ನು ತಮ್ಮ ಕಂಪ್ಯೂಟರಿಗೆ ಇಳಿಸಿ, ಓಡಿಸಿ ನೋಡಿಯೇ ಒಪ್ಪಿಗೆ ಕೊಡಬಹುದು. ಬ್ರೌಸರಿನಲ್ಲಿ ಬರೀ ಓದಿ ಒಪ್ಪುವುದಕ್ಕಿಂತ ಇದು ಎಷ್ಟೋ ಮೇಲು.

ಅದೇ ವರ್ಷ ಸಾರ್ವಜನಿಕರ ಕೈಗೆ ಬಂದ, ಜೊತೆಯಾಗಿ ತಿದ್ದುವ ಸೌಲಭ್ಯವಾದ ಮೈಕ್ರೋಸಾಫ್ಟ್‌ನ ಲೈವ್ ಶೇರ್‌ನಲ್ಲಿ ಕಡತಗಳು ಒಬ್ಬರ ಯಂತ್ರದಲ್ಲೇ ಇರುತ್ತವೆ. ಉಳಿದವರು ತಮ್ಮ ತಮ್ಮ ಎಡಿಟರಿನಿಂದ ಅವನ್ನೇ ತಿದ್ದುತ್ತಾರೆ, ಒಟ್ಟಿಗೆ ಡೀಬಗ್ ಮಾಡುತ್ತಾರೆ. ಕಡತ ಇಟ್ಟುಕೊಂಡವರ ನೆಟ್ ಹೋಯಿತೆಂದರೆ ಎಲ್ಲರ ಕೆಲಸವೂ ನಿಂತಂತೆ.

ಈ ಸೌಲಭ್ಯಗಳ ಬೆಲೆ ಕರ್ನಾಟಕ–ತಮಿಳುನಾಡು ಗಡಿಭಾಗದಲ್ಲಿ ತಿಳಿದದ್ದು 2020ರಲ್ಲಿ. ಹೊಸೂರಿನಲ್ಲಿ ಮನೆ ಮಾಡಿಕೊಂಡು ಎಲೆಕ್ಟ್ರಾನಿಕ್ ಸಿಟಿಗೆ ಹೋಗಿಬರುತ್ತಿದ್ದವರಿಗೆ ಲಾಕ್‌ಡೌನ್ ಕಾಲದಲ್ಲಿ ಗಡಿಯ ಅತ್ತಿಬೆಲೆ ದಾಟಲು ಇ-ಪಾಸ್ ಬೇಕಾಯಿತು, ಕೋಡಿಗೆ ಬೇಕಾಗಲಿಲ್ಲ. ಮನೆಯಿಂದ ಕೆಲಸ ಮಾಡುವುದಕ್ಕಿದ್ದ ನಿಯಮಗಳನ್ನು ದೂರಸಂಪರ್ಕ ಇಲಾಖೆ ಮಾರ್ಚ್‌ನಲ್ಲಿ ತಾತ್ಕಾಲಿಕವಾಗಿ, ನವೆಂಬರ್‌ನಲ್ಲಿ ಇನ್ನಷ್ಟು ವಿಸ್ತಾರವಾಗಿ ಸಡಿಲಿಸಿತು.

ಎಡಿಟರಿಗೆ ತಂಡದ ಕೆಲಸ ತರುವ ಈ ಬೆಳವಣಿಗೆಯಲ್ಲಿ ಬೆಂಗಳೂರಿನ ಪಾಲಿನ ದೊಡ್ಡ ಉದಾಹರಣೆ ಪೋಸ್ಟ್‌ಮನ್. ಅಭಿನವ್ ಅಸ್ಥಾನಾ 2012ರಲ್ಲಿ ಕ್ರೋಮ್ ಬ್ರೌಸರಿನ ಎಕ್ಸ್‌ಟೆನ್ಶನ್ ಆಗಿ ಬರೆದ ಈ ಎಪಿಐ (ತಂತ್ರಾಂಶಗಳು ಪರಸ್ಪರ ವ್ಯವಹರಿಸುವ ಸಂಪರ್ಕ ವ್ಯವಸ್ಥೆ) ಪರೀಕ್ಷಾ ಸಲಕರಣೆ, ಅಂಕಿತ್ ಸೋಬ್ತಿ ಮತ್ತು ಅಭಿಜಿತ್ ಕಾಣೆ ಅವರ ಜೊತೆಗೂಡುವಿಕೆಯಿಂದ 2014ರಲ್ಲಿ ಕಂಪನಿಯಾಯಿತು. ಬ್ರೌಸರಿನಿಂದ ಹೊರಬಂದು ಸ್ವಂತ ಆ್ಯಪ್ ಆಗಿ ಬೆಳೆದ ಅದು 2023ರಲ್ಲಿ ವಿಎಸ್ ಕೋಡ್‌ನ ಎಕ್ಸ್‌ಟೆನ್ಶನ್ ಆಗಿಯೂ ಬಂದು, ತಂಡದವರು ಹಂಚಿಕೊಂಡ ಎಪಿಐ ಕಲೆಕ್ಷನ್‌ಗಳನ್ನು ಕೋಡಿನ ಪಕ್ಕದಲ್ಲೇ ತೆರೆಯುವಂತೆ ಮಾಡಿತು.