ಸುಂಕೇಸುಲದ ಕಟ್ಟೆಯೂ ಕರ್ನೂಲು ಕಾಲುವೆಯ ಲಾಕುಗಳೂ

ವಿಜಯದಾಸರ ಕಟ್ಟೆಯಿಂದ ಕನ್ನಡಿಗರಿಗೆಲ್ಲ ಪರಿಚಿತವಾದ ಚಿಪ್ಪಗಿರಿಯು 1953ರವರೆಗೆ ಬಳ್ಳಾರಿ ಜಿಲ್ಲೆಯ ಆಲೂರು ತಾಲ್ಲೂಕಿಗೆ ಸೇರಿದ್ದಿತು. ಆ ವರ್ಷದ ಅಕ್ಟೋಬರ್ 1ರಂದು ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರ ರಾಜ್ಯಕ್ಕೆ ಸಂದುವು. ಭೂಪಟದ ಗೆರೆ ಬದಲಾಯಿತೇ ಹೊರತು ನೀರಿನ ದಾರಿ ಬದಲಾಗಲಿಲ್ಲ. ಚಿಪ್ಪಗಿರಿಗೆ ನೆರೆಯದಾದ ಮದ್ದಿಕೇರಿಯ ಹೊಲಗಳಲ್ಲಿ ಹುಟ್ಟುವ ಹಂದ್ರಿಯು ಈಶಾನ್ಯಕ್ಕೆ ಹರಿದು ಕರ್ನೂಲು ಪಟ್ಟಣದ ಬಳಿ ತುಂಗಭದ್ರೆಯನ್ನು ಕೂಡುತ್ತದೆ. ಅಲ್ಲಿ ಈ ಹೊಳೆಯ ಮೇಲೆ ಕಮಾನುಗಳ ಸಾಲೊಂದು ನಿಂತಿದ್ದು, ಅದರ ಮೇಲೆ ಮತ್ತೊಂದು ನೀರು ಹಾಯ್ದು ಹೋಗುತ್ತದೆ. ಕೆಳಗೆ ಹರಿಯುವುದು ನಮ್ಮ ಸೀಮೆಯ ಮಳೆನೀರು. ಮೇಲೆ ಹರಿಯುವುದು ಕರ್ನೂಲು-ಕಡಪ ಕಾಲುವೆ. ಈ ಕಾಲುವೆಯ ತಲೆಗಟ್ಟಾದ ಸುಂಕೇಸುಲದ ಕಟ್ಟೆಯನ್ನೂ, ಅದರ ಉದ್ದಕ್ಕೂ ಕಟ್ಟಿದ ಲಾಕುಗಳನ್ನೂ ಕುರಿತು ಇಲ್ಲಿ ವಿಚಾರಿಸಲು ಬಯಸುತ್ತೇವೆ. ಕಟ್ಟೆಯ ಕೆಲಸ ಇಂದಿಗೂ ನಡೆದಿದೆ, ಲಾಕುಗಳ ಕೆಲಸ ನಿಂತುಹೋಯಿತು. ಒಂದೇ ಕೈ ಕಟ್ಟಿದ ಎರಡರಲ್ಲಿ ಒಂದು ಉಳಿದು ಒಂದು ಅಳಿದುದು ಏಕೆ ಎಂಬುದೇ ನಮ್ಮ ಪ್ರಶ್ನೆ.

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ತೊಡೆಯಬೇಕು. ಈ ಕಾಲುವೆಯನ್ನು ಡಚ್ಚರ ಕಂಪನಿ ಕಟ್ಟಿತೆಂಬ ಮಾತು ಜನರ ಬಾಯಲ್ಲಿಯೂ ಕೆಲವು ಬರಹಗಳಲ್ಲಿಯೂ ಇದೆ. ಇದು ಸರಿಯಲ್ಲ. ಕಟ್ಟಿದುದು 1858ರಲ್ಲಿ ಲಂಡನ್ನಿನಲ್ಲಿ ಸ್ಥಾಪಿತವಾದ ಮದರಾಸು ನೀರಾವರಿ ಮತ್ತು ಕಾಲುವೆ ಕಂಪನಿ. ಅದರ ಹಿಂದಿದ್ದ ಬುದ್ಧಿ ಸರ್ ಆರ್ಥರ್ ಕಾಟನ್ (1803–1899) ಎಂಬ ಎಂಜಿನಿಯರನದು. ಕಾವೇರಿಯ ಮೇಲಣೆಯನ್ನೂ ಗೋದಾವರಿಯ ಧವಳೇಶ್ವರದ ಅಣೆಕಟ್ಟನ್ನೂ ಕಟ್ಟಿಸಿ ಹೆಸರುವಾಸಿಯಾಗಿದ್ದ ಆತನಿಗೆ ಒಂದು ದೃಢ ನಂಬಿಕೆಯಿತ್ತು: ಈ ದೇಶಕ್ಕೆ ಬೇಕಾದುದು ರೈಲಲ್ಲ, ಕಾಲುವೆ, ಅದೇ ಕಾಲುವೆ ಹೊಲಕ್ಕೆ ನೀರನ್ನೂ ಕೊಡಬೇಕು, ದೋಣಿಗೆ ದಾರಿಯನ್ನೂ ಕೊಡಬೇಕು. ತುಂಗಭದ್ರೆಯ ನೀರನ್ನು ಮೇಲುಸೀಮೆಯಿಂದ ಪೂರ್ವ ಕರಾವಳಿಯವರೆಗೆ ಕೊಂಡೊಯ್ದು, ನಮ್ಮ ಹತ್ತಿಯನ್ನು ದೋಣಿಯಲ್ಲಿ ಸಮುದ್ರಕ್ಕೆ ಮುಟ್ಟಿಸಬೇಕೆಂಬುದು ಆತನ ಮನೋರಥ. ಆ ದೊಡ್ಡ ಯೋಜನೆಯಲ್ಲಿ ಕೈಗೂಡಿದುದು ಒಂದು ತುಂಡು ಮಾತ್ರ. ಅದೇ ಸುಂಕೇಸುಲದಿಂದ ಕಡಪದವರೆಗಿನ 190 ಮೈಲಿಯ ಕಾಲುವೆ.

ಕರ್ನೂಲಿಗೆ ಸುಮಾರು 17 ಮೈಲಿ ಮೇಲೆ, ತುಂಗಭದ್ರೆಗೆ ಅಡ್ಡಲಾಗಿ ಸುಮಾರು 1,500 ಗಜ ಉದ್ದದ ಕಲ್ಲಿನ ಕಟ್ಟೆ ಎದ್ದಿತು. ಇದು ನೀರನ್ನು ಕೂಡಿಟ್ಟುಕೊಳ್ಳುವ ಜಲಾಶಯವಲ್ಲ. ಹೊಳೆಯ ಮಟ್ಟವನ್ನು ಕೊಂಚ ಎತ್ತಿ, ಬೇಕಾದಷ್ಟನ್ನು ಬಲದಂಡೆಯ ಕಾಲುವೆಗೆ ತಿರುಗಿಸಿ, ಉಳಿದುದನ್ನು ತಲೆಯ ಮೇಲೆ ಹರಿಯಬಿಡುವ ಒಡ್ಡು. ಇಂತಹ ಕಟ್ಟೆ ನಮ್ಮವರಿಗೆ ಹೊಸದಲ್ಲ. ವಿಜಯನಗರದ ಅರಸರ ಕಾಲದಲ್ಲಿ ಇದೇ ಹೊಳೆಗೆ ಹಂಪೆಯ ಸುತ್ತ ಅನೇಕ ಅಣೆಗಳನ್ನು ಕಟ್ಟಿದ್ದರು. ದಕ್ಷಿಣದ ಈ ಅಣೆಕಟ್ಟೆಂಬ ಮಾತೇ ಇಂಗ್ಲಿಷಿಗೆ ಹೋಗಿ ‘ಆನಿಕಟ್’ ಆಯಿತು. ಬದಲಿಗೆ ನಮಗೆ ಬಂದ ಮಾತು ‘ಲಾಕು’. ಕಟ್ಟೆಯ ಹೆಸರು ಇಲ್ಲಿಂದ ಹೋಯಿತು, ಲಾಕಿನ ಹೆಸರು ಅಲ್ಲಿಂದ ಬಂದಿತು. ಇವೆರಡರ ಮುಂದಿನ ಗತಿಯೂ ಇದರಲ್ಲಿಯೇ ಸೂಚಿತವಾಗಿದೆಯೆನ್ನಬಹುದು.

ಲಾಕೆಂದರೇನು? ಕರ್ನೂಲು ಸಮುದ್ರಮಟ್ಟದಿಂದ ಸುಮಾರು 270 ಮೀಟರು ಎತ್ತರದಲ್ಲಿದೆ. ಕಡಪವು ಸುಮಾರು 140 ಮೀಟರು. ಇಷ್ಟು ಇಳಿಜಾರಿನಲ್ಲಿ ನೀರನ್ನು ಬಿಟ್ಟರೆ ಅದು ರಭಸದಿಂದ ಓಡಿ ದಡವನ್ನು ಕೊರೆಯುವುದು. ದೋಣಿ ಮೇಲಕ್ಕೆ ಬರಲಾಗದು. ಆದುದರಿಂದ ಕಾಲುವೆಯನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಸಿದರು. ಒಂದೊಂದು ಮೆಟ್ಟಿಲಲ್ಲಿಯೂ ಕಲ್ಲಿನ ಒಂದು ಕೋಣೆ. ಕೋಣೆಗೆ ಮೇಲೊಂದು, ಕೆಳಗೊಂದು ಜೋಡಿಬಾಗಿಲು. ಕೆಳಗಿನಿಂದ ಬಂದ ದೋಣಿ ಕೋಣೆಯನ್ನು ಹೊಕ್ಕೊಡನೆ ಹಿಂದಿನ ಬಾಗಿಲನ್ನು ಮುಚ್ಚುವರು. ಬಳಿಕ ಮೇಲಿನ ತೂಬನ್ನು ತೆರೆದರೆ ನೀರು ಒಳಬಂದು ದೋಣಿಯನ್ನು ಎತ್ತುವುದು. ಒಳಗಿನ ನೀರೂ ಮೇಲಿನ ನೀರೂ ಸಮನಾದಾಗ ಮುಂದಿನ ಬಾಗಿಲು ತೆರೆದು ದೋಣಿ ಮುಂದೆ ಸಾಗುವುದು. ಇಳಿಯುವಾಗ ಇದೇ ಕ್ರಮ ತಿರುವುಮುರುವು. ಎತ್ತೂ ಇಲ್ಲದೆ ಯಂತ್ರವೂ ಇಲ್ಲದೆ, ನೀರಿನ ಭಾರದಿಂದಲೇ ಟನ್ನುಗಟ್ಟಲೆ ಸರಕನ್ನು ಎತ್ತಿ ಇಳಿಸುವ ಈ ಉಪಾಯ ನಿಜಕ್ಕೂ ಮೆಚ್ಚತಕ್ಕದ್ದು.

ಉಪಾಯವೇನೋ ಚೆನ್ನು, ನಾಡು ಅದಕ್ಕೆ ಒಪ್ಪಬೇಕಷ್ಟೆ. ತುಂಗಭದ್ರೆ ಬಂಡೆಗಳ ಹೊಳೆ. ಬೇಸಗೆಯಲ್ಲಿ ಬಡವಾಗುವ ಹೊಳೆ. ಹೊಳೆಯೇ ಬತ್ತಿದಾಗ ಕಾಲುವೆಯಲ್ಲಿ ದೋಣಿ ತೇಲುವಷ್ಟು ಆಳ ನಿಲ್ಲುವುದೆಂತು? ನಮ್ಮ ಜನ ಹರಿಗೋಲಿನಲ್ಲಿ ಈ ಹೊಳೆಯನ್ನು ದಾಟುತ್ತಿದ್ದರೇ ಹೊರತು ಇದರ ಉದ್ದಕ್ಕೂ ಪ್ರಯಾಣ ಮಾಡಿದವರಲ್ಲ. ಮೇಲಾಗಿ ಕಾಲುವೆ ಸಮುದ್ರವನ್ನು ಮುಟ್ಟದೆ ಕಡಪದಲ್ಲಿಯೇ ನಿಂತಿತು. ಅಲ್ಲಿಗಾದರೋ ಆಗಲೇ ರೈಲು ಬಂದಿತ್ತು. ಆ ರೈಲು ಗುತ್ತಿ, ಗುಂತಕಲ್ಲು, ಆದವಾನಿಗಳ ಮೇಲೆ ಹಾಯ್ದು 1871ರಲ್ಲಿ ರಾಯಚೂರನ್ನು ಸೇರಿ ಮುಂಬಯಿಯ ದಾರಿಯನ್ನು ಕೂಡಿಕೊಂಡಿತು. ಆದವಾನಿಯ ಹತ್ತಿಗೆ ಮದರಾಸೂ ಮುಂಬಯಿಯೂ ಒಂದೇ ಹಳಿಯ ಮೇಲೆ ದೊರೆತಾಗ ದೋಣಿಯನ್ನು ಕೇಳುವವರಾರು? ಕಾಲುವೆಯ ಕೆಲಸ 1863ರಿಂದ 1870ರವರೆಗೆ ನಡೆದಿತ್ತು. ಲಾಕುಗಳು ಸಿದ್ಧವಾಗುವ ಹೊತ್ತಿಗೆ ಅವುಗಳ ಸರಕು ಬೇರೆ ದಾರಿ ಹಿಡಿದಿತ್ತು.

ನೀರಾವರಿಯ ಕಥೆಯೂ ಮೊದಮೊದಲು ಸುಗಮವಾಗಿರಲಿಲ್ಲ. ನೀರು ಬಾಗಿಲಿಗೆ ಬಂದರೂ ರೈತರು ಅದನ್ನು ಕೊಳ್ಳಲು ಮುಂದಾಗಲಿಲ್ಲ. ಇದನ್ನು ಹಳ್ಳಿಗರ ಮೌಢ್ಯವೆಂದು ಎಣಿಸುವುದು ಸುಲಭ. ಆದರೆ ಎರೆಭೂಮಿಯನ್ನು ಬಲ್ಲವರು ಹಾಗೆನ್ನಲಾರರು. ಒಂದೆರಡು ಹದಮಳೆಯ ತೇವವನ್ನು ತಿಂಗಳುಗಟ್ಟಲೆ ಹಿಡಿದಿಟ್ಟುಕೊಳ್ಳುವ ಮಣ್ಣು ಅದು. ಜೋಳವೂ ಹತ್ತಿಯೂ ಅದರಲ್ಲಿ ಮಳೆಯಿಂದಲೇ ಬೆಳೆಯುತ್ತವೆ. ನೀರು ಹೆಚ್ಚಾದರೆ ನೆಲ ಜವುಗಾಗಿ ಬೆಳೆ ಕೆಡುವುದು. ಒಳ್ಳೆಯ ವರ್ಷದಲ್ಲಿ ಬೇಡದ ನೀರಿಗೆ ಹಣ ತೆರುವುದು ಯಾವ ಜಾಣತನ? ಮಳೆ ಕೈಕೊಟ್ಟ 1876–78ರ ಬರದಲ್ಲಿ ಇದೇ ರೈತರು ಕಾಲುವೆಯ ನೀರಿಗಾಗಿ ಮುಗಿಬಿದ್ದರು. ಬಳ್ಳಾರಿ, ಕರ್ನೂಲು, ಕಡಪ ಸೀಮೆಗಳಲ್ಲಿ ಜನ ಹುಳುಗಳಂತೆ ಸತ್ತ ಆ ದಿನಗಳಲ್ಲಿ ಕಾಲುವೆಯ ಅಂಚಿನ ಹೊಲಗಳು ಹಸುರಾಗಿದ್ದುವು. ಹಾಗಾದರೆ ಅವರು ಹಿಂದೆ ಬೇಡವೆಂದುದೂ ಆಗ ಬೇಕೆಂದುದೂ ಒಂದೇ ವಿವೇಕದಿಂದಲೇ ಅಲ್ಲವೆ?

ಇಲ್ಲಿ ಲಾಭನಷ್ಟದ ಮಾತನ್ನೂ ಹೇಳಬೇಕು. ಕಂಪನಿಯ 10 ಲಕ್ಷ ಪೌಂಡು ಬಂಡವಾಳಕ್ಕೆ ನೂರಕ್ಕೆ 5ರಂತೆ ಬಡ್ಡಿ ಕೊಡುವುದಾಗಿ ಸರ್ಕಾರ ಖಾತರಿ ನೀಡಿತ್ತು. ಎಂದರೆ ವರ್ಷಕ್ಕೆ 50,000 ಪೌಂಡು. ಪೌಂಡಿಗೆ ಹತ್ತು ರೂಪಾಯಿಯೆಂದು ಹಿಡಿದರೆ 5 ಲಕ್ಷ ರೂಪಾಯಿ. ಕಾಲುವೆ ಗಳಿಸಲಿ, ಗಳಿಸದಿರಲಿ, ಲಂಡನ್ನಿನ ಪಾಲುದಾರರಿಗೆ ಬಡ್ಡಿ ತಪ್ಪುವಂತಿರಲಿಲ್ಲ. ಆ ಹಣ ಬಂದುದು ಇಲ್ಲಿಯ ಕಂದಾಯದಿಂದ. ಕಡೆಗೆ 1882ರಲ್ಲಿ ಸರ್ಕಾರವೇ ಕಾಲುವೆಯನ್ನು ಕೊಂಡಿತು. ಕಾಲುವೆಯ ನೀರನ್ನು ಎಂದೂ ಕಾಣದ ಹಳ್ಳಿಯ ರೈತನೂ ಅದರ ನಷ್ಟದ ಪಾಲನ್ನು ತೆತ್ತನೆಂಬುದನ್ನು ಮರೆಯಲಾಗದು.

1933ರಲ್ಲಿ ದೋಣಿಸಂಚಾರ ನಿಂತಿತು. ಕಾಲುವೆ ನೀರಾವರಿಗೆ ಮೀಸಲಾಯಿತು. ಆಮೇಲೆಯೇ ಅದಕ್ಕೆ ಗೌರವದ ದಿನಗಳು ಬಂದುವೆನ್ನಬೇಕು. 1953ರಲ್ಲಿ ಹೊಸಪೇಟೆಯ ಬಳಿ ತುಂಗಭದ್ರಾ ಜಲಾಶಯ ಸಿದ್ಧವಾಯಿತು. ಕೃಷ್ಣಾ ಕೊಳ್ಳದ ನೀರನ್ನು ಹಂಚಿದ ಬಚಾವತ್ ನ್ಯಾಯಮಂಡಳಿಯು ಈ ಕಾಲುವೆಗೆ 39.9 ಟಿ.ಎಂ.ಸಿ. ನೀರನ್ನು ಗೊತ್ತುಮಾಡಿತು. ಸುಂಕೇಸುಲದ ಹಳೆಯ ಕಟ್ಟೆಯ ಎಡೆಯಲ್ಲಿ ಈಗ ಬಾಗಿಲುಗಳುಳ್ಳ ಬ್ಯಾರೇಜು ನಿಂತಿದೆ. ಅದಕ್ಕೆ ಕೋಟ್ಲ ವಿಜಯಭಾಸ್ಕರರೆಡ್ಡಿಯವರ ಹೆಸರಿದೆ. 2009ರ ಅಕ್ಟೋಬರಿನ ಮಹಾಪೂರದಲ್ಲಿ ಕರ್ನೂಲು ಪಟ್ಟಣ ಮುಳುಗಿದಾಗ ಈ ಬ್ಯಾರೇಜಿಗೂ ಪೆಟ್ಟು ಬಿದ್ದಿತು. ಮತ್ತೆ ಸರಿಪಡಿಸಿದರು, ನೀರು ಮತ್ತೆ ಹರಿಯಿತು. ಲಾಕಿನ ಬಾಗಿಲು ಮುರಿದಾಗ ಯಾರೂ ಅಳಲಿಲ್ಲ. ಕಟ್ಟೆಗೆ ಪೆಟ್ಟಾದರೆ ಮೂರು ಜಿಲ್ಲೆಯ ರೈತರು ಕಂಗೆಡುತ್ತಾರೆ. ನಮ್ಮ ಪ್ರಶ್ನೆಗೆ ಉತ್ತರ ಇಲ್ಲಿಯೇ ಇದೆ. ಭೂಪಟವನ್ನು ನೋಡಿ ಕಟ್ಟಿದುದು ಲಾಕು. ನೆಲ ಕೇಳಿದುದು ಕಟ್ಟೆ.

ಕಟ್ಟುವಾಗ ಈ ಕಟ್ಟೆಯ ಒಂದು ದಡ ಇಂಗ್ಲಿಷರದು, ಇನ್ನೊಂದು ನಿಜಾಮನ ಸೀಮೆಯದು. 2014ರಿಂದ ಒಂದು ದಡ ಆಂಧ್ರಪ್ರದೇಶ, ಇನ್ನೊಂದು ತೆಲಂಗಾಣ. ಅಲ್ಲಿಗೆ ಬರುವ ನೀರಾದರೋ ಕರ್ನಾಟಕವನ್ನು ಹಾಯ್ದು ಬಂದದ್ದು. ನೀರು ಕಡಿಮೆಯಾದ ವರ್ಷ ಮೂರು ಕಡೆಯವರೂ ಒಬ್ಬರನ್ನೊಬ್ಬರು ದೂರುವುದನ್ನು ಕೇಳುತ್ತೇವೆ. ಗಡಿನಾಡಿನ ಉಪಾಧ್ಯಾಯರಾದ ನಾವು ಮಕ್ಕಳಿಗೆ ಹೇಳಬೇಕಾದ ಪಾಠ ಇದರಲ್ಲಿದೆ. ಕರ್ನೂಲಿಗೆ ಪ್ರವಾಸ ಹೋದಾಗ ಕೊಂಡಾರೆಡ್ಡಿ ಬುರುಜನ್ನು ತೋರಿಸಿದಂತೆ ಹಂದ್ರಿಯ ಮೇಲಿನ ಕಮಾನುಗಳನ್ನೂ ತೋರಿಸೋಣ. ಯಾರು ಕಟ್ಟಿದರು ಎಂಬುದರೊಡನೆ, ಯಾರ ಹಣದಿಂದ ಕಟ್ಟಿದರು, ಯಾರಿಗೆ ಬೇಕಾಗಿತ್ತು ಎಂಬುದನ್ನೂ ಕೇಳಲು ಕಲಿಸೋಣ.